ಮುಚ್ಚಿದ ಫೈಲುಗಳ ದನಿ ಉಳಿಸುವ ಟೈಪಕ್ಕ

ನೆಲ ಒರೆಸುವವರು ಇನ್ನೂ ಮೇಲಿನ ಮಹಡಿಯಲ್ಲೇ ಇದ್ದಾರೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಆಗಲೇ ದೀಪ ಹೊತ್ತಿಕೊಂಡಿದೆ. ಐವತ್ತು ದಾಟಿದ ಹೆಂಗಸೊಬ್ಬರು ಅಂಗೈಯಗಲದ ಹಳೇ ಫ್ಲಾಪಿಯೊಂದನ್ನು ಬೆಳಕಿಗೆ ಹಿಡಿದು, ಅದರ ತಗಡನ್ನು ಉಗುರಿನಲ್ಲಿ ಸರಿಸಿ, ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಇಣುಕುತ್ತಾರೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಹಗುರಾಗಿ ಒರೆಸಿ ಕಂಪ್ಯೂಟರಿಗೆ ತೂರಿಸುತ್ತಾರೆ. ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಟೈಪ್ ಮಾಡಿ, ಎಂಟರ್ ಒತ್ತುವ ಮುಂಚೆ ಕೈ ಮೇಲೆತ್ತಿಕೊಂಡು ತಮಗೆ ತಾವೇ ಹೇಳಿಕೊಳ್ಳುತ್ತಾರೆ: "ಎಲ್ಲಿಂದ? ಫ್ಲಾಪಿಯಿಂದ. ಎಲ್ಲಿಗೆ? ಕಂಪ್ಯೂಟರಿಗೆ."

ಆಮೇಲೇ ಬೆರಳು ಕೆಳಗಿಳಿಯುತ್ತದೆ. ಯಂತ್ರ ಗರಗರ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಒಬ್ಬ ಮುದುಕರ ದನಿ ಹೊರಡುತ್ತದೆ: "ಬಾ... ಬಾ... ಬಾಗು..." ಹಿಂದಿನಿಂದ ಇನ್ನೊಂದು ದನಿ: "ಹಾಂ, ಬಾಗಿಲು. ಇನ್ನೊಂದ್ಸಲ ಹೇಳಿ."

"ಬಂತು," ಅನ್ನುತ್ತಾರೆ ಆಕೆ, ಉಸಿರು ಬಿಟ್ಟು.

ಇಡೀ ಆಸ್ಪತ್ರೆಗೆ ಅವರು ಟೈಪಕ್ಕ. ಮಾತು ಕಲಿಸುವ ವಿಭಾಗಕ್ಕೆ ಟೈಪಿಸ್ಟ್ ಆಗಿ ಬಂದವರು. ಟೈಪ್‌ರೈಟರು ಗುಜರಿಗೆ ಹೋಗಿ ಎಷ್ಟೋ ಕಾಲವಾದರೂ ಹೆಸರು ಮಾತ್ರ ಅಂಟಿಕೊಂಡಿತು. ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದುಹೋದವರು, ಮಾತು ತಡವಾದ ಮಕ್ಕಳು ಇಲ್ಲಿಗೆ ಬರುತ್ತಾರೆ. ಎಷ್ಟು ಸುಧಾರಿಸಿದೆ ಎಂದು ತಿಳಿಯಲು ಹಿಂದೆಲ್ಲ ಅವರ ಮಾತನ್ನು ಒಂದು ಯಂತ್ರದಲ್ಲಿ ಹಿಡಿದಿಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಫ್ಲಾಪಿ, ಒಂದೊಂದರಲ್ಲಿ ಎರಡು ಮೂರು ನಿಮಿಷದ ಮಾತು. ಆ ಯಂತ್ರ ಕೆಟ್ಟು ಮೂಲೆ ಸೇರಿತು. ಅದರ ಫೈಲುಗಳನ್ನು ಬೇರೆ ಯಾವ ಯಂತ್ರವೂ ಬಿಚ್ಚಲೊಲ್ಲದು. ಹಾಗಾಗಿ ಮೊದಲು ಫ್ಲಾಪಿಯಲ್ಲಿರುವುದನ್ನು ಇದ್ದದ್ದು ಇದ್ದ ಹಾಗೆ ನಕಲಿಳಿಸಬೇಕು, ಆಮೇಲೆ ಯಾರ ಫೋನಿನಲ್ಲಾದರೂ ಕೇಳಿಸುವಂತೆ ಮಾರ್ಪಡಿಸಬೇಕು.

ಕೆಲಸ ಹೇಳಿಕೊಟ್ಟವನು ಕಂಪ್ಯೂಟರ್ ರಿಪೇರಿಯವನು. "ಮೌಸ್ ಮುಟ್ಟೋ ಹಾಗಿಲ್ಲ ಅಂದ. ನಂಗೇನು, ಟೈಪಿಂಗ್ ತಾನೇ, ಖುಷಿಯಾಯ್ತು," ಎಂದು ನಗುತ್ತಾರೆ ಟೈಪಕ್ಕ. "ಆದ್ರೆ ಹೆದರಿಸಿಟ್ಟ. ಎಲ್ಲಿಂದ, ಎಲ್ಲಿಗೆ ಅನ್ನೋದು ಅದಲು ಬದಲಾದ್ರೆ ಇರೋದೂ ಅಳಿಸಿಹೋಗತ್ತೆ, 'ಅಳಿಸ್ಲಾ ಅಕ್ಕಾ' ಅಂತ ಇದು ಕೇಳೋದೂ ಇಲ್ಲ ಅಂದ. ಅವತ್ತಿಂದ ಬಾಯಲ್ಲಿ ಹೇಳ್ದೆ ಒತ್ತಲ್ಲ."

ಕೆಲಸ ಆಮೆವೇಗದ್ದು. ಕೆಟ್ಟ ಜಾಗ ಸಿಕ್ಕಿದಲ್ಲೆಲ್ಲ ಯಂತ್ರ ಮತ್ತೆ ಮತ್ತೆ ತಡಕಾಡುತ್ತದೆ, ಓದಲಾಗದ್ದನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಅಲ್ಲೆಲ್ಲ ಮಾತಿನ ನಡುವೆ ಮೌನ. ದಿನಕ್ಕೆ ಹತ್ತು ಫ್ಲಾಪಿ ಮುಗಿದರೆ ಅದೇ ದೊಡ್ಡದು. ಮಣಿಕಟ್ಟಿನ ನೋವಿಗೆ ಪಟ್ಟಿ ಸುತ್ತಿಕೊಂಡಿದ್ದಾರೆ. ಬೆಳಬೆಳಗ್ಗೆ ಮನೆ ಬಿಡುವಾಗ ಗಂಡ ರೇಗಿಸುತ್ತಾರಂತೆ: "ಮನೇಲಿ ನನ್ನ ಮಾತು ಕಿವಿ ಮೇಲೆ ಹಾಕ್ಕೊಳ್ಳಲ್ಲ, ಅಲ್ಲಿ ಕಂಡೋರ ಮಾತನ್ನೆಲ್ಲ ಕೂತು ಕೇಳ್ತೀಯ."

ಇಷ್ಟು ಬೇಗ ಬರಬೇಕೆಂದು ಯಾರೂ ಹೇಳಿಲ್ಲ. ಡ್ಯೂಟಿ ಶುರುವಾಗುವುದು ಆಮೇಲೆ. ಬೆಳಗಿನ ಈ ಕೆಲಸ ಅವರೇ ತಲೆಮೇಲೆ ಎಳೆದುಕೊಂಡದ್ದು. ಯಾಕೆಂದು ಕೇಳಿದರೆ ಕೈಯಲ್ಲಿದ್ದ ಹತ್ತಿಯನ್ನು ಉಂಡೆ ಕಟ್ಟುತ್ತಾ ಹಳೆಯದೊಂದನ್ನು ಹೇಳತೊಡಗುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ನಕಲಿನ ಕೆಲಸ ಶುರುವಾದಾಗ ಅವರು ಕೈಗೆ ಸಿಕ್ಕ ಪೆಟ್ಟಿಗೆಯಿಂದಲೇ ಹೊರಟಿದ್ದರು. ಅದು ಮುಚ್ಚಿದ ಫೈಲುಗಳ ಪೆಟ್ಟಿಗೆ. ಮುಚ್ಚಿದ್ದು ಅಂದರೆ ಬರುವುದನ್ನು ನಿಲ್ಲಿಸಿದವರದು, ಹೆಚ್ಚಿನವರು ತೀರಿಕೊಂಡವರು. ಅರ್ಧ ಮುಗಿದಿತ್ತು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥೆ ಬಂದು ನೋಡಿದರು. ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಕೋಣೆಯನ್ನೂ ತೆರವು ಮಾಡಬೇಕು. "ಇವರು ಇನ್ನು ಬರೋರಲ್ಲ ಅಲ್ವಾ? ಬರ್ತಾ ಇರೋರದು ಸಾಕು. ಇದನ್ನ ತೆಗೆದುಬಿಡಿ," ಎಂದರು.

ಟೈಪಕ್ಕ ತೆಗೆದರು. ಇಳಿಸಿಕೊಂಡಿದ್ದ ದನಿಗಳನ್ನೆಲ್ಲ ಒಂದು ಸಾಲು ಟೈಪ್ ಮಾಡಿ ಅಳಿಸಿದರು. ಫ್ಲಾಪಿಗಳಿದ್ದ ಪೆಟ್ಟಿಗೆ ಗುಜರಿಯವನ ಗಾಡಿ ಹತ್ತಿತು. "ಮೇಡಂ ಒಳ್ಳೆಯವ್ರು. 'ಇರ್ಲಿ ಬಿಡಿ ಮೇಡಂ' ಅಂದಿದ್ರೆ ಹೂಂ ಅಂತಿದ್ರೇನೋ. ಬಾಯಿ ಬರ್ಲಿಲ್ಲ ನಂಗೆ. ಎಲ್ರಿಗೂ ಮಾತು ಕಲಿಸೋ ಜಾಗದಲ್ಲಿ ಕೂತು ಒಂದು ಮಾತಾಡಕ್ಕಾಗ್ಲಿಲ್ಲ."

ಕೆಲವು ತಿಂಗಳಾದ ಮೇಲೆ ಒಬ್ಬಳು ಬಸ್ ಕಂಡಕ್ಟರ್ ಮೆಟ್ಟಿಲಿಳಿದು ಬಂದಳು. ಎರಡು ಟ್ರಿಪ್ಪಿನ ನಡುವಿನ ಬಿಡುವು, ಮೈಮೇಲೆ ಸಮವಸ್ತ್ರ. ಅವಳ ಅಪ್ಪ ದರ್ಜಿ. ಪಾರ್ಶ್ವವಾಯುವಿನಿಂದ ಮಾತು ಹೋಗಿ, ಇಲ್ಲಿ ಬಂದು ಒಂದಿಷ್ಟು ಕಲಿತು, ಆಮೇಲೆ ತೀರಿಕೊಂಡಿದ್ದರು.

"ಅಕ್ಕಾ, ಅಪ್ಪನ ಮಾತು ಇಲ್ಲಿ ರೆಕಾರ್ಡ್ ಮಾಡಿದ್ರಲ್ಲ, ಒಂದ್ಸಲ ಕೇಳಿಸ್ತೀರಾ? ಮನೇಲಿ ಒಂದೂ ಇಲ್ಲ. ಸರಿಯಾಗಿ ಮಾತಾಡೋ ಹಾಗಾದ್ಮೇಲೆ ಮಾಡ್ಕೊಳ್ಳೋಣ ಅಂತ ನಾನೇ ಬಿಟ್ಟುಬಿಟ್ಟೆ."

ಟೈಪಕ್ಕ ಹುಡುಕುವ ನಾಟಕ ಆಡಲಿಲ್ಲ. ಇಲ್ಲ, ಅಳಿಸಿದ್ದೇವೆ, ಅಳಿಸಿದ್ದು ನಾನೇ ಎಂದು ಹೇಳಿದರು. ಕಂಡಕ್ಟರ್ ಬೈಯಲಿಲ್ಲ. ಗೋಡೆಗೆ ಒರಗಿ ನಿಂತು ಕೇಳಿದಳು: "ಅಳಿಸೋ ಮುಂಚೆ ನೀವು ಕೇಳಿದ್ರಾ? ಹೇಗಿತ್ತು?"

ಸರಿಯಾಗಿ ಇಳಿದಿದೆಯೇ ಎಂದು ನೋಡಲು ಟೈಪಕ್ಕ ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ಕೇಳುತ್ತಿದ್ದದ್ದು ನಿಜ. ಆದರೆ ಯಾವ ದನಿ ಯಾರದೆಂದು ನೆನಪಿಟ್ಟಿರಲಿಲ್ಲ. ಒಂದು ದನಿ ಮಾತ್ರ ಕಿವಿಯಲ್ಲಿ ಉಳಿದಿತ್ತು. "ಒಬ್ರು ಒಂದು ಎರಡು ಅಂತ ಎಣಿಸ್ತಾ, ತಪ್ಪಿದಾಗೆಲ್ಲ ಕಿಲಕಿಲ ನಗೋರು. ನಿಮ್ಮಪ್ಪನೋ ಅಲ್ವೋ, ನಂಗೆ ಗೊತ್ತಿಲ್ಲಮ್ಮಾ," ಎಂದರು.

ಕಂಡಕ್ಟರ್ ತಲೆಯಾಡಿಸಿದಳು. "ಅಲ್ಲ ಅಕ್ಕಾ. ಅಪ್ಪ ತಪ್ಪಿದ್ರೆ ನಗೋರಲ್ಲ, ಸಿಡುಕೋರು," ಎಂದಳು. ಅವಳೇ ಚೂರು ನಕ್ಕಳು. ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲು ಹತ್ತಿ ಹೋದಳು. ಮತ್ತೆ ಬರಲಿಲ್ಲ.

"ಹೌದು, ಅವ್ರೇ ಅಂದಿದ್ರೆ ಆಗ್ತಿತ್ತಾ ಅಂತ ಒಂದೊಂದ್ಸಲ ಅನ್ಸತ್ತೆ," ಅನ್ನುತ್ತಾರೆ ಟೈಪಕ್ಕ. "ಬೇರೆಯವ್ರ ನಗುನ ಅವಳಪ್ಪಂದು ಅಂತ ಹೇಗೆ ಕೊಡ್ಲಿ? ಆ ಸುಳ್ಳನ್ನೂ ಕೊಡಕ್ಕಾಗ್ಲಿಲ್ಲ, ಅವಳಪ್ಪನ ದನೀನೂ ಉಳಿಸಕ್ಕಾಗ್ಲಿಲ್ಲ."

ಮಾರನೇ ದಿನವೇ ಹೋಗಿ ಮುಖ್ಯಸ್ಥೆಗೆ ಎಲ್ಲ ಹೇಳಿದರು. ಅವರು, "ಹೇಳಿದ್ದು ನಾನು. ನಿಮ್ಮ ತಪ್ಪೇನಿಲ್ಲ," ಎಂದರು. ಟೈಪಕ್ಕನ ಎದೆಭಾರ ಅದರಿಂದ ಇಳಿಯಲಿಲ್ಲ. ಗುಜರಿಯವನ ಹತ್ತಿರ ವಿಚಾರಿಸಿದರೆ ಎಲ್ಲ ಕರಗಿ ಪ್ಲಾಸ್ಟಿಕ್ ಆಗಿ ಹೋಗಿತ್ತು. ಆದರೆ ಹಳೇ ಕಟ್ಟಡದ ಅಟ್ಟದ ಮೇಲೆ ಗುಜರಿಯವನ ಕಣ್ಣಿಗೆ ಬೀಳದ ಇನ್ನೊಂದಿಷ್ಟು ಮುಚ್ಚಿದ ಫೈಲುಗಳ ಫ್ಲಾಪಿಗಳಿದ್ದವು. ಅವನ್ನು ಇಳಿಸಿಕೊಳ್ಳಲೇ ಎಂದು ಈ ಸಲ ಟೈಪಕ್ಕ ಬಾಯಿಬಿಟ್ಟು ಕೇಳಿದರು. ಮುಖ್ಯಸ್ಥೆ ಮನೆಯಿಂದ ತಮ್ಮದೇ ಒಂದು ಹಾರ್ಡ್ ಡಿಸ್ಕ್ ತಂದುಕೊಟ್ಟರು.

ಆ ದರ್ಜಿಯ ದನಿ ಈ ಫ್ಲಾಪಿಗಳಲ್ಲಿಲ್ಲ. ಟೈಪಕ್ಕ ಮೊದಲು ನೋಡಿದ್ದೇ ಅದನ್ನು. ಆದರೂ ದಿನಾ ಬೆಳಗ್ಗೆ ಒಂದೊಂದಾಗಿ ಇಳಿಯುತ್ತಿವೆ. ಈಗ ಪ್ರತಿಯೊಂದನ್ನೂ ಕೊನೆಯವರೆಗೆ ಕೇಳುತ್ತಾರೆ, ಮೌನವನ್ನೂ ಬಿಡದೆ.

ಕೇಳಿಕೊಂಡು ಯಾರಾದರೂ ಬಂದಿದ್ದಾರೆಯೇ?

"ಇನ್ನೂ ಯಾರೂ ಬಂದಿಲ್ಲ. ಬರ್ದೇನೂ ಇರಬಹುದು, ಎಲ್ರಿಗೂ ಅವರವರ ಕೆಲಸ," ಎಂದು ಟೈಪಕ್ಕ ಮುಂದಿನ ಫ್ಲಾಪಿ ಎತ್ತಿಕೊಳ್ಳುತ್ತಾರೆ. "ನಾನು ರಿಟೈರ್ ಆಗೋದ್ರೊಳಗೆ ಒಬ್ರಾದ್ರೂ ಬರ್ಬೇಕು. 'ಇದೆ, ಕೂತ್ಕೊಳ್ಳಿ' ಅಂತ ಒಂದ್ಸಲ ಹೇಳ್ಬೇಕು ನಾನು."