ಅವ್ವನ ಮುಷ್ಟಿಯ ಅಳತೆ

ಶಹಾಪುರದ ಶೋರೂಮಿನಲ್ಲಿ ನಾನು ಮೆಚ್ಚಿದ, ಮಿರಿಮಿರಿ ಮಿಂಚುವ ಹೊಸ ಮಾಡೆಲ್ ಟೂರಿಂಗ್ ಬೈಕಿನ ಮುಂದೆ ಅವ್ವ ಕುಕ್ಕರಗಾಲಲ್ಲಿ ಕುಳಿತು, ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮುಷ್ಟಿ ತೂರಿಸಲು ನೋಡಿದಳು. ಹೋಗಲಿಲ್ಲ.

"ದೇಶ ಸುತ್ತೂದಕ್ಕ ಮೊದಲ ನಮ್ಮ ಹೊಲ ದಾಟಬೇಕಲ್ಲೋ ಮಗನ! ನನ್ನ ಮುಷ್ಟಿನೇ ಹೋಗವಲ್ದು, ಗಾಲಿಗೆ ಮೆತ್ತಿದ ಎರಿ ಮಣ್ಣು ಹೆಂಗ ಹೊರಗ ಬೀಳತೈತಿ?" ಅಂದಳು.

ಪಕ್ಕದ ಹಳೆ ಮಾಡೆಲ್‌ನಲ್ಲಿ ಅದೇ ಮುಷ್ಟಿ ಸಲೀಸಾಗಿ ಹೋಗಿ ಬಂತು. ಜೊತೆಗಿದ್ದ ಗೆಳೆಯ ಶರಣಪ್ಪ ನಕ್ಕು ಹೊಸದನ್ನೇ ಕೊಂಡ. ನಾನು ಒಲ್ಲದ ಮನಸ್ಸಿನಿಂದ ಹಳೆಯದನ್ನು ಮನೆಗೆ ತಂದೆ.

ಮೊದಲ ದೊಡ್ಡ ಮಳೆಯ ಮರುದಿನ ಹುಣಸಗಿ ಕಡೆಯ ಹೊಲದ ದಾರಿಯಲ್ಲಿ ಶರಣಪ್ಪ, ಎರೆಮಣ್ಣು ಮೆತ್ತಿ ತಿರುಗದೆ ನಿಂತ ಗಾಲಿಯನ್ನು ಕಟ್ಟಿಗೆಯಿಂದ ಕೆರೆಯುತ್ತಿದ್ದ. ನಮ್ಮ ಗಾಡಿ ಮಣ್ಣು ಉದುರಿಸುತ್ತ ಮುಂದೆ ಸಾಗಿತು.

ಹಿಂದೆ ಕುಳಿತ ಅವ್ವ ಮುಷ್ಟಿಯನ್ನಷ್ಟೇ ಮೇಲೆತ್ತಿ ಅವನಿಗೆ ತೋರಿಸಿದಳು.