ಸುಳ್ಳು ಮೀಟರಿಗೆ ಕುಂಕುಮವಿಲ್ಲ

ಅವರ ಬಲಗೈಯ ಉಂಗುರಬೆರಳಿಗೆ ತುದಿಯೇ ಇರಲಿಲ್ಲ. ಯಾವುದೋ ಕಾಲದಲ್ಲಿ ಲಾರಿಯ ಫ್ಯಾನ್ ಬೆಲ್ಟ್ ನುಂಗಿತ್ತು. ಆಯುಧಪೂಜೆಗೆ ಆ ಮೊಂಡು ಬೆರಳಿನಿಂದಲೇ ಕುಂಕುಮ ಹಚ್ಚುತ್ತಿದ್ದರು. ಬೊಟ್ಟು ರೂಪಾಯಿಯಗಲ ಬೀಳುತ್ತಿತ್ತು.

ಉಡುಪಿ ಕಡೆಯವರು, ನಮ್ಮ ಲಾರಿಯ ಹಿರಿಯ ಡ್ರೈವರ್. ಬೆಳಗಾವಿಯಿಂದ ಹೊಸದಾಗಿ ಬಂದಿದ್ದ ನಾನು ಎರಡನೆಯ ಡ್ರೈವರ್. ಅವರನ್ನು ಅಣ್ಣ ಎನ್ನುತ್ತಿದ್ದೆ. ಪವಾಯಿಯ ಕಲ್ಲುಗಣಿಯಿಂದ ಕಲ್ಲು ಹೇರುವುದು ನಮ್ಮ ಕೆಲಸ. ಅಣ್ಣ ಯಾರ ಮುಲಾಜಿಗೂ ಬೀಳುವ ಆಸಾಮಿಯಲ್ಲ. "ಹೆದರುವವನಿಗೆ ಸ್ಟೇರಿಂಗ್ ಎಂತಕ್ಕೆ ಮಾರಾಯ" ಎನ್ನುವರು.

ಯುದ್ಧಕಾಲದ ಆ ಲಾರಿಗೆ ಮಾಲೀಕರು ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡ ಟೈರು ಹಾಕಿಸಿದರು. ಚಕ್ರ ದೊಡ್ಡದಾದರೆ ಒಂದೇ ಸುತ್ತಿಗೆ ಹೆಚ್ಚು ದೂರ ಓಡುತ್ತದೆ. ಸುತ್ತು ಎಣಿಸಿ ವೇಗ ತೋರಿಸುವ ಮೀಟರಿಗೆ ಅದೇನು ಗೊತ್ತು? ಅದು ಕಡಿಮೆ ವೇಗವನ್ನೇ ತೋರಿಸುತ್ತದೆ. ಮೀಟರಿನ ಕೇಬಲ್ ತಿರುಗಿಸುವ ಪುಟ್ಟ ಹಲ್ಲುಚಕ್ರ ಬದಲಿಸಿ ಎಂದು ಅಣ್ಣ ಆಗಲೇ ಹೇಳಿದ್ದರು. ಮಾಲೀಕರು ಕಿವಿಗೇ ಹಾಕಿಕೊಳ್ಳಲಿಲ್ಲ.

ಜೋಗೇಶ್ವರಿಯಲ್ಲಿ ಮೂವತ್ತು ಮೈಲಿಯ ಮಿತಿ ಮೀರಿದೆನೆಂದು ಪೊಲೀಸರು ನನ್ನನ್ನು ಹಿಡಿದರು. ಮುಳ್ಳು ಮೂವತ್ತು ದಾಟಿರಲಿಲ್ಲ, ಲಾರಿ ದಾಟಿತ್ತು. ಮಾಲೀಕರು ನನ್ನನ್ನೇ ಸುಳ್ಳುಗಾರನೆಂದರು. ಪೂಜೆ ಮುಗಿಸಿಕೊಂಡು ಊರಿಗೆ ನಡೆ ಎಂದರು. ಊರಿನಲ್ಲಿ ನನಗೆ ಏನಿತ್ತು, ಮಣ್ಣು!

ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಅಣ್ಣ ಬಾನೆಟ್ಟು, ಸ್ಟೇರಿಂಗು, ಹಾರ್ನು ಎಲ್ಲಕ್ಕೂ ಕುಂಕುಮ ಹಚ್ಚಿ, ಮೀಟರನ್ನು ಬಿಟ್ಟು ಕೆಳಗಿಳಿದರು.

"ಮೀಟರಿಗೆ ಯಾಕ ಹಚ್ಚಲಿಲ್ಲ?" ಎಂದರು ಮಾಲೀಕರು.

"ಸುಳ್ಳು ಹೇಳುವುದಕ್ಕೆ ನಾನು ಕೈ ಮುಗಿಯುವುದಿಲ್ಲ. ಇವನದ್ದು ಎಂತದೂ ತಪ್ಪಿಲ್ಲ. ನಿಮ್ಮ ವಾಚ್ ಉಂಟಲ್ಲ, ಹತ್ತಿ ಕೂತ್ಕೊಳ್ಳಿ. ಮೈಲಿಗಲ್ಲಲ್ಲಿ ನೋಡುವ."

"ಅವನ ಸಲುವಾಗಿ ನಿನ್ನ ಕೆಲಸಾನೂ ಹೋದೀತು, ನೋಡು."

"ಹೋಗ್ಲಿ." ಅಣ್ಣ ಇಂಜಿನ್ ತಿರುಗಿಸುವ ಹ್ಯಾಂಡಲನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತರು. ಅದಿಲ್ಲದೆ ಲಾರಿ ಹೊರಡದು, ನಿಂಬೆಹಣ್ಣಿನ ಮೇಲೆ ಹಾಯಿಸುವ ಮುಹೂರ್ತ ಮೀರುತ್ತಿತ್ತು. ಮಾಲೀಕರು ಗೊಣಗುತ್ತಲೇ ಹತ್ತಿದರು.

ಮುಳ್ಳು ಮೂವತ್ತರಲ್ಲಿದ್ದರೆ ಮೈಲಿಗೆ ಎರಡು ನಿಮಿಷ ಬೇಕು. ಅಣ್ಣ ಮುಳ್ಳನ್ನು ಅಲ್ಲೇ ಹಿಡಿದು ಓಡಿಸಿದರು. ಎರಡು ನಿಮಿಷ ತುಂಬುವ ಎಷ್ಟೋ ಮೊದಲೇ ಮುಂದಿನ ಕಲ್ಲು ಬಂತು. ಮಾಲೀಕರು ವಾಚನ್ನು ಕಿವಿಗೆ ಹಿಡಿದು ನೋಡಿದರು. ಅದು ಸರಿಯಾಗಿಯೇ ನಡೆಯುತ್ತಿತ್ತು.

ಹಲ್ಲುಚಕ್ರ ಬಂತು, ನನ್ನ ಕೆಲಸ ಉಳಿಯಿತು. ಮತ್ತೆ ಮೈಲಿಗಲ್ಲಿನಲ್ಲಿ ತಾಳೆ ನೋಡಿದ ಮೇಲೆಯೇ ಅಣ್ಣ ಮೀಟರಿಗೆ ಬೊಟ್ಟಿಟ್ಟರು. ನನಗೆ ಅಳು ಬಂದಿತ್ತು, ಹೇಳಲು ನಾಚಿಕೆಯೇನಿಲ್ಲ.

ಅವರ ಕೊನೆಯ ದಸರಾಕ್ಕೆ ಲಾರಿಯನ್ನು ಅವರಿದ್ದ ಚಾಳಿನ ವಠಾರದ ಬಾಗಿಲಿಗೇ ಒಯ್ದಿದ್ದೆ. ಮಾತು ಕ್ಷೀಣಿಸಿತ್ತು. ಬೆರಳು ಕುಂಕುಮಕ್ಕೆ ಅದ್ದಿ, "ತಾಳೆ ನೋಡಿದ್ಯಾ?" ಎಂದರು. ಇಲ್ಲ ಎಂದೆ. ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಮೈಲಿಗಲ್ಲಿನವರೆಗೆ ಹೋಗಿ ಬರುವ ತನಕ ಆ ಕೆಂಪು ಬೆರಳನ್ನು ಹಾಗೆಯೇ ಹಿಡಿದು ಕೂತಿದ್ದರಂತೆ.

ಅವರು ಹೋದರು. ಇಂದಿಗೂ ಪೂಜೆಯ ದಿನ ನಾನು ಮೊದಲು ಮೈಲಿಗಲ್ಲಿಗೆ ಹೋಗುತ್ತೇನೆ. ಮುಹೂರ್ತ ಮೀರುತ್ತದೆ ಎಂದು ಹೊಸ ಮಾಲೀಕರು ಕೂಗಾಡುತ್ತಾರೆ. ಮೀರಲಿ.