ಹೊಳೆವ್ವನ ಮೊಣಕಾಲು, ಸಾನ್ವಿಯ ಸುಳ್ಳು

ಕೆಲಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಹೊಳೆವ್ವನಿಗೆ ಮೊಣಕಾಲು ನೋವು. ಇದು ಇಡೀ ಓಣಿಗೆ ಗೊತ್ತು, ಮಗಳು ವಿದ್ಯಾಳಿಗೆ ಮಾತ್ರ ಗೊತ್ತಿರಲಿಲ್ಲ. ವಿದ್ಯಾ ಬೆಳಗ್ಗೆ ಬಸ್ಸು ಹತ್ತಿ ದುರ್ಗದಬೈಲಿನ ಸೀರೆ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಮೊಮ್ಮಗಳು ಸಾನ್ವಿ ಅಜ್ಜಿಯ ಪಾಲು. ನೋವೆಂದು ಬಾಯಿಬಿಟ್ಟರೆ ಮಗಳು ಕೂಸನ್ನು ಬೇಬಿ ಸಿಟ್ಟಿಂಗಿಗೆ ಹಾಕಿಬಿಡುತ್ತಾಳೆಂಬ ಭಯ ಮುದುಕಿಗೆ. ಆ ಕೂಸು ಕಣ್ಣೆದುರಿಗಿಲ್ಲದಿದ್ದರೆ ಆಕೆಗೆ ಊಟವೇ ಸೇರುವುದಿಲ್ಲ.

ಸಾನ್ವಿಯ ಬಾಯಿ ಮುಚ್ಚಿಸುವುದು ಮೊದಲು ಸುಲಭವಿತ್ತು. "ನೋವಿಲ್ಲ ಬಿಡವ್ವಾ" ಎಂದರೆ ಮುಗಿಯಿತು, ನೋವಿಲ್ಲ. ಎರಡು ವರ್ಷದ ಕೆಳಗೆ ಆಕೆಯ ಲೋಕವೇ ಹಾಗಿತ್ತು: ದೊಡ್ಡವರು ಹೇಳಿದ್ದೆಲ್ಲ ಖರೇ, ಮಣ್ಣಿನ ಎತ್ತಿಗೂ ಹಸಿವು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಪದ್ಧತಿಯಂತೆ ಹುಡುಗರು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಕಾಳು ಬೇಡಲು ಹೊರಟಾಗ, ಅದಕ್ಕೆ ನೋಯುತ್ತದೆಂದು ಓಣಿಯೆಲ್ಲ ಹೊರಗೆ ಬರುವಂತೆ ಅತ್ತಿದ್ದಳು.

ಈ ವರ್ಷ ಆಕೆಗೆ ಆರು. ತಾನೇ ಲಟಕ್ಕನೆ ಎತ್ತಿನ ಕಾಲು ಮುರಿದಳು. ಹೊಳೆವ್ವನಿಗೆ ಕಸಿವಿಸಿ.

"ಅದಕ್ಕ ನೋಯಂಗಿಲ್ಲೇನ?"

"ಅದು ಮಣ್ಣು, ಆಯಿ. ನೋಯೂದು ನಿನಗ. ಏಳಬೇಕಾದ್ರ ಬಾಗಲಾ ಹಿಡ್ಕೋತಿ, ಆಮ್ಯಾಲೆ ನೋವಿಲ್ಲ ಅಂತಿ."

ಮುದುಕಿ ತಬ್ಬಿಬ್ಬು. ಅವ್ವನಿಗೆ ಹೇಳಬೇಡ ಎನ್ನಲೂ ಆಕೆಗೆ ಹೊಳೆಯಲಿಲ್ಲ.

ಸಂಜೆ ವಿದ್ಯಾ ಬಂದಾಗ ನಾನೂ ಅಲ್ಲೇ ಇದ್ದೆ. ಇಂಥ ಹೊತ್ತಿನಲ್ಲಿ ಎದ್ದು ಮನೆಗೆ ಹೋಗುವ ಪೈಕಿ ನಾನಲ್ಲ. ಯಾರೂ ಏನೂ ಕೇಳಿರಲಿಲ್ಲ, ಸಾನ್ವಿಯೇ ಓಡಿದಳು.

"ಮಮ್ಮಿ, ಆಯಿ ಕಾಲು ಒಂಚೂರೂ ನೋಯಂಗಿಲ್ಲ! ಬಾಗಲಾ ಹಿಡ್ಕೊಂಡು ಏಳೂದು ಸುಮ್ನ ಆಟಕ್ಕ!"

ಸುಳ್ಳು ಹೇಳುವಷ್ಟು ಬುದ್ಧಿ ಬಂದಿತ್ತು, ಅದನ್ನು ಮುಚ್ಚಿಡುವಷ್ಟು ಇನ್ನೂ ಬಂದಿರಲಿಲ್ಲ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ವಿದ್ಯಾ ಚೀಲ ಕೆಳಗಿಟ್ಟು ತಾಯಿಯ ಮೊಣಕಾಲು ಮುಟ್ಟಿದಳು. ಬಾತಿತ್ತು. "ನಾಳೆ ರಜಾ ಹಾಕ್ತೀನಿ, ದವಾಖಾನಿಗೆ ಹೋಗೂಣು" ಎಂದಳು. ಆಮೇಲೆ ಮಗಳತ್ತ ತಿರುಗಿ, "ಸುಳ್ಳ್ಯಾಕ ಹೇಳಿದಿ? ಆಯಿ ಹೇಳಿಕೊಟ್ಟಳೇನ?"

"ಇಲ್ಲ. ಖರೇ ಹೇಳಿದ್ರ ನೀ ನನ್ನ ಬ್ಯಾರೆ ಕಡೆ ಬಿಡ್ತಿ. ಆಯಿ ಊಟಾನ ಮಾಡಂಗಿಲ್ಲ."

ಈ ಮಾತನ್ನು ಹೊಳೆವ್ವ ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ, ನನ್ನ ಮುಂದೆ ಕೂಡ. ನನಗೆ ನಗು ಹೋಗಿ ಕಣ್ಣು ತುಂಬಿತು.

"ಎಲ್ಲೂ ಬಿಡಂಗಿಲ್ಲ, ಸುಮ್ನಿರು" ಎಂದಳು ವಿದ್ಯಾ, ತಾಯಿಯ ಮುಖ ನೋಡುತ್ತ.

ಹೊಳೆವ್ವ ಕೂಸನ್ನು ತೊಡೆಗೆಳೆದುಕೊಂಡಳು. ಸಾನ್ವಿ ಬಾತ ಕಾಲನ್ನು ಬಿಟ್ಟು ಇನ್ನೊಂದರ ಮೇಲೆ ಕುಳಿತಳು.